ಥಾಮಸ್ ಮತ್ತು ಚೆಸ್ ಅಧ್ಯಯನ: ಹಠದ ಮಗುವಿನ ಮನೆಯವರಿಗೆ ಏನು ಹೇಳಬೇಕು?

ಟೆಂಪರಮೆಂಟ್, ಅಂದರೆ ಮಗುವಿನ ಹುಟ್ಟುಸ್ವಭಾವದ ಪಾಠ ಅಂದ ಕೂಡಲೇ ಎಲ್ಲರೂ ಬಾಯಿಪಾಠ ಮಾಡುವುದು ಶೇಕಡಾ 40, 10, 15 ಅನ್ನೋ ಅಂಕಿಗಳನ್ನು. ಪರೀಕ್ಷೆಗೆ ಅವು ಬೇಕು ನಿಜ, ಆದರೆ ಸೋತುಹೋದ ತಾಯಿಯೊಬ್ಬಳ ಎದುರು ಕೂತಾಗ ಅವು ಉಪಯೋಗಕ್ಕೆ ಬರುವುದಿಲ್ಲ.

ಹಾಗಾಗಿ ಅಂಕಿ ಬೇಗ ಮುಗಿಸೋಣ. ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ನ್ಯೂಯಾರ್ಕಿನಲ್ಲಿ ಅಧ್ಯಯನ ಶುರು ಮಾಡಿದರು. 133 ಮಕ್ಕಳನ್ನು ಹಸುಗೂಸಿನಿಂದ ದೊಡ್ಡವರಾಗುವವರೆಗೂ ಗಮನಿಸಿದರು. ಚುರುಕು, ನಿದ್ದೆ-ಹಸಿವಿನ ಹೊತ್ತು, ಹೊಸದಕ್ಕೆ ಹೊಂದಿಕೊಳ್ಳುವ ರೀತಿ, ಅಳು-ನಗುವಿನ ಜೋರು, ಹೀಗೆ ಒಟ್ಟು 9 ಗುಣಗಳನ್ನು ನೋಡಿ ಮಕ್ಕಳನ್ನು ಗುಂಪು ಮಾಡಿದರು. ಸುಮಾರು ಶೇಕಡಾ 40 ಸುಲಭದ ಮಕ್ಕಳು, 10 ಕಷ್ಟದವರು, 15 ನಿಧಾನಕ್ಕೆ ಹೊಂದಿಕೊಳ್ಳುವವರು. ಉಳಿದವರು ಯಾವ ಗುಂಪಿಗೂ ಸೇರಲಿಲ್ಲ.

ಆ ಕಾಲದಲ್ಲಿ ಮಗುವಿಗೆ ಏನೇ ತೊಂದರೆಯಾದರೂ ತಾಯಿಯೇ ಕಾರಣ ಅಂತ ಮನೋವೈದ್ಯರೇ ಹೇಳುತ್ತಿದ್ದರು. ಇವರು ಅದನ್ನು ಒಪ್ಪಲಿಲ್ಲ. ನನ್ನ ಪ್ರಕಾರ ಇದೇ ಇವರ ದೊಡ್ಡ ಕೊಡುಗೆ. "ನೀನೇ ಮುದ್ದು ಮಾಡಿ ಕೆಡಿಸಿದ್ದು" ಅಂತ ಸೊಸೆಯನ್ನು ಅನ್ನುವುದು ನಮ್ಮ ಮನೆಗಳಲ್ಲಿ ಇನ್ನೂ ನಿಂತಿಲ್ಲ ಅಲ್ವಾ? ಹಾಗಂತ ಮಗುವಿನದೇ ತಪ್ಪು ಅಂತಲೂ ಅವರು ಹೇಳಲಿಲ್ಲ. ಮಗುವಿನ ಸ್ವಭಾವಕ್ಕೂ ಸುತ್ತಲಿನವರು ಅದರಿಂದ ಬಯಸುವುದಕ್ಕೂ ಹೊಂದಾಣಿಕೆ ಇದೆಯಾ ಅನ್ನುವುದೇ ಅವರ ಪ್ರಶ್ನೆ.

ಇದಕ್ಕೆ ಒಳ್ಳೆಯ ಉದಾಹರಣೆ ಅವರೇ ನೋಡಿದ ನ್ಯೂಯಾರ್ಕಿನ ಪೋರ್ಟೊರಿಕನ್ (ಪೋರ್ಟೊರಿಕೊ ದ್ವೀಪ ಮೂಲದ) ದುಡಿಯುವ ಕುಟುಂಬಗಳು. ಇಷ್ಟೇ ಹೊತ್ತಿಗೆ ಮಲಗಬೇಕು ಅನ್ನೋ ಕಟ್ಟುನಿಟ್ಟು ಅಲ್ಲಿ ಇರಲಿಲ್ಲ, ಹಾಗಾಗಿ ಹೊತ್ತುಗೊತ್ತಿಲ್ಲದೆ ಮಲಗುವ ಮಗು ಯಾರಿಗೂ ಕಷ್ಟದ ಮಗು ಅನ್ನಿಸಲಿಲ್ಲ. ಶಾಲೆ ಶುರುವಾಗಿ ಬೆಳಿಗ್ಗೆ ಬೇಗ ಏಳಬೇಕಾಗಿ ಬಂದಾಗ ಅದೇ ಗುಣ ತೊಂದರೆಯಾಯಿತು. ಇನ್ನೊಂದು, ಕೆನ್ಯಾದ ಮಸಾಯಿ ಜನರದ್ದು. 1970ರ ದಶಕದ ಬರಗಾಲದಲ್ಲಿ ಅಲ್ಲಿ ಸುಮ್ಮನಿರುವ ಕೂಸುಗಳಿಗಿಂತ ರಚ್ಚೆ ಹಿಡಿಯುವ ಕೂಸುಗಳೇ ಜಾಸ್ತಿ ಬದುಕಿ ಉಳಿದವು ಅಂತ ಸಂಶೋಧಕ ಮಾರ್ಟೆನ್ ಡಿವ್ರೀಸ್ ಬರೆದಿದ್ದಾರೆ. ಅತ್ತು ಕೇಳಿದ ಮಗುವಿಗೆ ಹಾಲು ಸಿಕ್ಕಿರಬೇಕು. ನೋಡಿದ ಕೂಸುಗಳು ಬಹಳ ಕಡಿಮೆ, ಆದ್ದರಿಂದ ಇದನ್ನು ನಿಯಮದಂತೆ ಬರೆಯಬೇಡಿ.

ಮನೆಯವರ ಜೊತೆ ಮಾತಾಡುವಾಗ ಮೊದಲು "ಹಠಮಾರಿ" ಅನ್ನುವುದನ್ನು ಬಿಡಿಸಿ ನೋಡಿ. ಯಾವಾಗ, ಎಲ್ಲಿ, ಏನಾದ ಮೇಲೆ ಅಂತ ಕೇಳಿ. ಆಟ ನಿಲ್ಲಿಸಿ ಸ್ನಾನಕ್ಕೆ ಕರೆದಾಗಲೆಲ್ಲ ಕಿರುಚುವ ಮಗುವಿಗೆ ಬದಲಾವಣೆ ಕಷ್ಟ, ಸ್ವಲ್ಪ ಮೊದಲೇ ಹೇಳಿದರೆ ಎಷ್ಟೋ ಸಲೀಸು. ಮದುವೆಮನೆಯಲ್ಲಿ ಅಮ್ಮನ ಸೆರಗು ಬಿಡದ ಮಗುವನ್ನು ಎಳೆದು ಅತ್ತೆ-ಮಾವಂದಿರ ತೊಡೆ ಮೇಲೆ ಕೂರಿಸಬಾರದು, ಅದು ನೋಡುತ್ತಾ ನೋಡುತ್ತಾ ತಾನೇ ಹೋಗುತ್ತದೆ. ಸ್ವಭಾವ ಅಂದ ಮಾತ್ರಕ್ಕೆ ಎಲ್ಲವನ್ನೂ ಬಿಟ್ಟುಬಿಡಿ ಅಂತಲ್ಲ. ಹೊಡೆಯುವ ಕೈಯನ್ನು ಹಿಡಿಯಲೇಬೇಕು, ಆದರೆ ಕಡಿಮೆ ಮಾತಲ್ಲಿ, ದನಿ ಏರಿಸದೆ. ಅಜ್ಜಿ ಒಂದು, ಅಪ್ಪ ಇನ್ನೊಂದು ಹೇಳಿದರೆ ಇಂಥ ಮಕ್ಕಳಿಗೆ ಇನ್ನೂ ಕಷ್ಟ, ಅದಕ್ಕೇ ಆಗುವುದಾದರೆ ಅಜ್ಜಿಯನ್ನೂ ಮಾತಿಗೆ ಕೂರಿಸಿ.

ಒಂದು ಎಚ್ಚರ. ಇದ್ದ ಮಾತು ನಿಂತುಹೋದರೆ, ಹೆಸರು ಕರೆದರೂ ತಿರುಗದಿದ್ದರೆ, ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಬದಲಾದರೆ ಅದನ್ನು ಸ್ವಭಾವದ ಲೆಕ್ಕಕ್ಕೆ ಹಾಕಬೇಡಿ, ತಡಮಾಡದೆ ಮಕ್ಕಳ ಡಾಕ್ಟರ ಹತ್ತಿರ ಕಳಿಸಿ.