ಕರಗಿಸದೆ ಹುಟ್ಟುವ ಲೋಹಗಾಜು

1960ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಪೋಲ್ ಡುವೆ ಮತ್ತು ಸಂಗಡಿಗರು ಕರಗಿದ ಚಿನ್ನ-ಸಿಲಿಕಾನ್ ಮಿಶ್ರಣವನ್ನು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿ ವೇಗದಲ್ಲಿ ತಣಿಸಿದರು. ಪರಮಾಣುಗಳಿಗೆ ಸಾಲುಗಟ್ಟಿ ಸ್ಫಟಿಕವಾಗಲು ಪುರುಸೊತ್ತೇ ಸಿಗಲಿಲ್ಲ. ದ್ರವದ ಅಸ್ತವ್ಯಸ್ತ ಜೋಡಣೆಯಲ್ಲೇ ಅವು ಗಟ್ಟಿಯಾದವು. ಅಸ್ಫಟಿಕ ಮಿಶ್ರಲೋಹ, ಅಂದರೆ ಲೋಹಗಾಜು, ಇದೇ.

ಆದರೆ 1983ರಲ್ಲಿ ಕಾರ್ಲ್ ಕಾಕ್ ಅವರ ತಂಡ ನಿಕ್ಕಲ್ ಮತ್ತು ನಯೋಬಿಯಂ ಪುಡಿಗಳನ್ನು ಬಾಲ್ ಮಿಲ್ ಎಂಬ, ಗುಂಡುಗಳ ಏಟಿನಿಂದ ಅರೆಯುವ ಯಂತ್ರದಲ್ಲಿ ಅರೆದು, ಏನನ್ನೂ ಕರಗಿಸದೆ, ಅಂಥದ್ದೇ ಲೋಹವನ್ನು ಪಡೆಯಿತು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಎರಡನೆಯ ದಾರಿ. ಘನ ಘನವಾಗಿಯೇ ಇದ್ದು ತನ್ನ ಕ್ರಮವನ್ನು ಕಳೆದುಕೊಳ್ಳುವುದು ಹೇಗೆ?

ಮುಚ್ಚಿದ ಉಕ್ಕಿನ ಡಬ್ಬಿಯೊಳಗೆ ಗುಂಡುಗಳು ಡಿಕ್ಕಿ ಹೊಡೆಯುವಾಗ ನಡುವೆ ಸಿಕ್ಕ ಪುಡಿ ಚಪ್ಪಟೆಯಾಗುತ್ತದೆ, ಒಂದಕ್ಕೊಂದು ಬೆಸೆದುಕೊಳ್ಳುತ್ತದೆ, ಮತ್ತೆ ಒಡೆಯುತ್ತದೆ. ಗಂಟೆಗಟ್ಟಲೆ ಹೀಗೆ ನಡೆದರೆ ಪ್ರತಿ ಕಣವೂ ಚಿರೋಟಿಯಂತೆ ಎರಡು ಲೋಹಗಳ ಪದರು ಪದರಾಗಿ, ಪದರುಗಳು ತೆಳುವಾಗುತ್ತಾ ಹೋಗುತ್ತವೆ. ಪರಮಾಣು ದಾಟಬೇಕಾದ ದೂರ ಕಡಿಮೆಯಾಗುತ್ತದೆ. ಏಟು ತಿಂದ ಸ್ಫಟಿಕದ ತುಂಬ ದೋಷಗಳಿರುವುದರಿಂದ ದಾಟುವುದೂ ಸುಲಭ. ಪರಸ್ಪರ ಬೆರೆತರೆ ಶಾಖ ಬಿಡುಗಡೆಯಾಗುವ ಜೋಡಿಯಾದರೆ ಬೆರೆಯುವ ಒಲವು ಮೊದಲೇ ಇರುತ್ತದೆ. ನಿಜಕ್ಕೂ ಅಲ್ಲಿ ಎಲ್ಲಕ್ಕಿಂತ ಸ್ಥಿರವಾದದ್ದು ಕ್ರಮಬದ್ಧ ಸಂಯುಕ್ತವೇ. ಅದು ರೂಪುಗೊಳ್ಳಲು ಎರಡೂ ಬಗೆಯ ಪರಮಾಣುಗಳು ಸ್ಥಾನ ಹುಡುಕಿ ಕೂರಬೇಕು. ಅಷ್ಟು ಚಲನೆಗೆ ಅಲ್ಲಿನ ತಾಪ ಸಾಲದು. ಹಾಗಾಗಿ ಅಸ್ಫಟಿಕ ರೂಪವೇ ಮೊದಲು ಗೆಲ್ಲುತ್ತದೆ.

ಈ ಗೆಲುವಿಗೆ ಮಿತಿ ಎಷ್ಟೆಂದು ಅಳೆದ ಕೆಲಸ ನಮ್ಮ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಂಗನಾಥನ್, ಬಿ. ಎಸ್. ಮೂರ್ತಿ ಮತ್ತು ಜೊತೆಗಾರರು ಟೈಟಾನಿಯಂ ಮಿಶ್ರಣಗಳನ್ನು ಅರೆದು, ಗುಂಡಿನ ಏಟಿನ ಶಕ್ತಿಗೂ ಫಲಿತಾಂಶಕ್ಕೂ ಇರುವ ನಂಟನ್ನು ನಕ್ಷೆಯಾಗಿ ಬರೆದು 1995ರಲ್ಲಿ ಪ್ರಕಟಿಸಿದರು. ಶಕ್ತಿ ಕಡಿಮೆಯಾದರೆ ಪುಡಿಗಳು ಸುಮ್ಮನೆ ಬೆರೆತಿರುತ್ತವೆ. ಹೆಚ್ಚಾದರೆ ಬಿಸಿಯೇರಿ ಸ್ಫಟಿಕ ಹುಟ್ಟುತ್ತದೆ. ನಡುವಿನ ಕಿಂಡಿಯಲ್ಲಿ ಮಾತ್ರ ಅಸ್ಫಟಿಕತೆ. ಮಿಲ್ಲನ್ನು ಜೋರಾಗಿ ಓಡಿಸಿದಷ್ಟೂ ಒಳ್ಳೆಯದೆಂಬ ಎಣಿಕೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಪುಡಿಯ ಮೇಲೆ ಎಕ್ಸ್-ರೇ ಹಾಯಿಸಿ, ಚದುರಿದ ಕಿರಣಗಳಿಂದ ಬರೆದ ನಕ್ಷೆಯಲ್ಲಿ ಸ್ಫಟಿಕ ಮೂಡಿಸುವ ಚೂಪಾದ ಶಿಖರಗಳು ಕರಗಿ ಒಂದು ಅಗಲವಾದ ದಿಬ್ಬ ಉಳಿದರೆ ಕೆಲಸ ಆಯಿತೆಂದು ಗೊತ್ತಾಗುತ್ತದೆ. ಗಾಳಿಯ ಆಮ್ಲಜನಕ ಸೇರದಂತೆ ಡಬ್ಬಿಗೆ ಆರ್ಗಾನ್ ತುಂಬುತ್ತಾರೆ. ಗುಂಡು ಸವೆದು ಬೆರೆಯುವ ಕಬ್ಬಿಣವನ್ನು ಪೂರ್ತಿ ತಡೆಯಲಾಗದು.

ಕೈಗೆ ಸಿಗುವುದು ಪುಡಿ. ಅದನ್ನು ಗಟ್ಟಿ ವಸ್ತುವಾಗಿಸಲು ಬಿಸಿಮಾಡಿ ಒತ್ತಬೇಕು, ಆದರೆ ಸ್ಫಟಿಕವಾಗುವ ತಾಪವನ್ನು ಮುಟ್ಟುವಂತಿಲ್ಲ. ವಿದ್ಯುತ್ ಹರಿಸಿ ಕೆಲವೇ ನಿಮಿಷಗಳಲ್ಲಿ ಒತ್ತಿ ಬೆಸೆಯುವ ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್ ಇಲ್ಲಿ ನೆರವಿಗೆ ಬರುವುದು ಅದಕ್ಕೇ.