ಮೊಣಕೈ ಕೀಲು, ಮೂರು ನರ, ಒಂದಿಷ್ಟು ಉಪ್ಪುನೀರು

ಮೊಣಕೈ ಬಾಗಿಲಿಗೆ ತಾಗಿ ಕಿರುಬೆರಳವರೆಗೂ ಕರೆಂಟ್ ಹೊಡೆದಂತಾಗುತ್ತದೆ, ಅಲ್ವಾ? ಆ ಪೆಟ್ಟು ಬೀಳುವುದು ಒಳಬದಿಯ ಮೂಳೆಯ ಹಿಂದೆ, ಚರ್ಮದ ಕೆಳಗೇ ಹಾಯುವ ಅಲ್ನಾರ್ ನರಕ್ಕೆ. ಕೀಲಿನ ಮುಂಭಾಗದಲ್ಲಿ ಮೀಡಿಯನ್, ರೇಡಿಯಲ್ ಎಂಬ ಇನ್ನೆರಡು ದೊಡ್ಡ ನರಗಳಿವೆ. ಇಂಥ ಇಕ್ಕಟ್ಟಿನಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವುದೇ ಆರ್ತ್ರೋಸ್ಕೋಪಿ. ನ್ಯೂಯಾರ್ಕಿನ ವೈದ್ಯ ಮೈಕಲ್ ಬರ್ಮನ್ 1931ರಲ್ಲಿ ಶವಗಳ ಮೇಲೆ ಮಾಡಿ ನೋಡಿ, ಮೊಣಕೈ ಇದಕ್ಕೆ ತಕ್ಕದ್ದಲ್ಲ ಎಂದಿದ್ದರು. ಮರುವರ್ಷ ಮಾತು ಬದಲಿಸಿದರು. ಆದರೂ ಆ ಅಳುಕು ಸುಮ್ನೆ ಹುಟ್ಟಿದ್ದಲ್ಲ.

ಜಾಗ ಮಾಡಿಕೊಳ್ಳಲು ವೈದ್ಯರು ಮೊದಲು ಕೀಲಿಗೆ ಸಲೈನ್ ತುಂಬುತ್ತಾರೆ. ಚೆನ್ನಾಗಿರುವ ಮೊಣಕೈ ಸುಮಾರು 20-25 ಮಿಲಿ ಹಿಡಿಯುತ್ತದೆ. ಕೀಲಿನ ಚೀಲ ಬಲೂನಿನಂತೆ ಉಬ್ಬಿ, ನರಗಳನ್ನು ಮೂಳೆಯಿಂದ ಆಚೆ ತಳ್ಳುತ್ತದೆ. ತೂತು ಮಾಡುವಾಗ ಇದು ದೊಡ್ಡ ಸಹಾಯ. ಆದರೆ ನರಕ್ಕೂ ಆ ಚೀಲಕ್ಕೂ ಇರುವ ಅಂತರ ಮಾತ್ರ ಹೆಚ್ಚುವುದಿಲ್ಲ. ಚೀಲವನ್ನೇ ಕತ್ತರಿಸಬೇಕಾದಾಗ ಅಪಾಯ ಅಲ್ಲೇ ಇದೆ. ಹಾಗೆ ಕತ್ತರಿಸುವುದು ಯಾರಿಗೆ? ಮೊಣಕೈ ಬಿಗಿದುಕೊಂಡು ಮಡಚಲು, ಚಾಚಲು ಆಗದವರಿಗೆ. ಅವರ ಕೀಲು ಸರಾಸರಿ ಬರೀ 6 ಮಿಲಿಯಷ್ಟು ಹಿಡಿಯುತ್ತದೆ. ಯಾರಿಗೆ ಜಾಗ ಜಾಸ್ತಿ ಬೇಕೋ ಅವರಲ್ಲೇ ಜಾಗವಿಲ್ಲ! ಈ ಶಸ್ತ್ರಚಿಕಿತ್ಸೆಯ ನಿಜವಾದ ಕಷ್ಟ ಇದೇ ಎಂದು ನನಗನ್ನಿಸುತ್ತದೆ.

ಅದಕ್ಕೇ ಚಾಕು ಚರ್ಮವನ್ನಷ್ಟೇ ಸೀಳುತ್ತದೆ. ಮುಂದಿನ ದಾರಿಯನ್ನು ಮೊಂಡು ತುದಿಯ ಇಕ್ಕಳದಿಂದ ಅಗಲಿಸಿಕೊಳ್ಳುತ್ತಾರೆ. ಚರ್ಮದಡಿಯ ಸಣ್ಣ ಸ್ಪರ್ಶದ ನರಗಳು ಹೀಗೆ ಉಳಿಯುತ್ತವೆ. ಮೊಣಕೈಯನ್ನು 90 ಡಿಗ್ರಿ ಮಡಚಿಟ್ಟರೆ ಮುಂಭಾಗದ ನರಗಳು ಇನ್ನಷ್ಟು ಸಡಿಲವಾಗಿ ದೂರ ಸರಿಯುತ್ತವೆ.

ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 2001ರಲ್ಲಿ ಇಂಥ 473 ಶಸ್ತ್ರಚಿಕಿತ್ಸೆಗಳ ಲೆಕ್ಕ ಪ್ರಕಟಿಸಿದರು. 12 ನರಗಳು ಸ್ವಲ್ಪ ಕಾಲ ಸೋತಿದ್ದವು, ಎಲ್ಲವೂ ಚೇತರಿಸಿಕೊಂಡವು. ಕೇಳಲು ಸಮಾಧಾನವೇ. ಆದರೆ ಅದು ಪಳಗಿದ ಕೈಗಳ ಲೆಕ್ಕ. ನರ ಪೂರ್ತಿ ತುಂಡಾದ ಪ್ರಕರಣಗಳೂ ಬೇರೆಡೆ ವರದಿಯಾಗಿವೆ.

ಆಪರೇಷನ್ ಮುಗಿದ ಮೇಲೆ 'ಬೆರಳು ಎತ್ತಿ, ಅಗಲಿಸಿ' ಎಂದು ಕೇಳುವುದು ನರಗಳ ಪರೀಕ್ಷೆ. ಕೈ ಜೋಮು ಹಿಡಿಸುವ ಇಂಜೆಕ್ಷನ್ ಮೊದಲೇ ಕೊಟ್ಟಿದ್ದರೆ ಇದು ಗೊತ್ತಾಗದು. ಹಾಗಾಗಿ ಹಲವರು ಪರೀಕ್ಷೆ ಆಗುವವರೆಗೆ ಅದನ್ನು ಕೊಡುವುದಿಲ್ಲ. ಹಿಂದೆಂದಾದರೂ ಅಲ್ನಾರ್ ನರವನ್ನು ಮುಂದಕ್ಕೆ ಸರಿಸುವ ಆಪರೇಷನ್ ಆಗಿದ್ದರೆ ತಪ್ಪದೆ ವೈದ್ಯರಿಗೆ ಹೇಳಿ, ಹಳೆಯ ಕಾಗದಗಳನ್ನೂ ತೋರಿಸಿ. ಒಳಬದಿಯಿಂದ ಕ್ಯಾಮೆರಾ ಇಳಿಸುವ ದಾರಿಯಲ್ಲೇ ಆ ನರ ಇರಬಹುದು.