140 ಸೈಟೇಷನ್, ಸರಿ. ಯಾಕೆ?

ಸಂದರ್ಶನಕ್ಕೆ ಬರುವವರ ಬಯೋಡೇಟಾದಲ್ಲಿ ಈಗೀಗ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಎಚ್-ಇಂಡೆಕ್ಸ್ ಇರುತ್ತದೆ, ಅಂದರೆ ನಿಮ್ಮ ಸಂಶೋಧನಾ ಪೇಪರುಗಳನ್ನು ಬೇರೆಯವರು ಎಷ್ಟು ಸಲ ಹೆಸರಿಸಿದ್ದಾರೆ ಎಂಬುದರ ಮೇಲೆ ಲೆಕ್ಕ ಹಾಕುವ ಅಂಕಿ. ಕಳೆದ ವರ್ಷ ಒಬ್ಬ ಬಂದಿದ್ದ. ಫಾರ್ಮಕಾಲಜಿ (ಔಷಧ ವಿಜ್ಞಾನ) ಎಂ.ಡಿ., ಚುರುಕು ಹುಡುಗ. "ಸರ್, ನನ್ನ ಒಂದು ಪೇಪರ್‌ಗೇ 140 ಸೈಟೇಷನ್ ಇದೆ" ಎಂದ. "ಸಂತೋಷ. ಆ 140 ಜನ ನಿಮ್ಮ ಪೇಪರ್ ಬಗ್ಗೆ ಏನು ಬರೆದಿದ್ದಾರೆ?" ಎಂದು ಕೇಳಿದೆ. ಹುಡುಗ ಮೇಜು ನೋಡಿದ. ಒಂದನ್ನೂ ತೆರೆದಿರಲಿಲ್ಲ.

ಅವನನ್ನು ಬೈದು ಏನು ಪ್ರಯೋಜನ? ಬಡ್ತಿ ಕೊಡುವವರು, ಅನುದಾನ ಕೊಡುವವರು ಎಲ್ಲರೂ ಕೇಳುವುದು ಅಂಕಿಯನ್ನೇ. ಮಗಳಿಗೆ ಪಿಜಿ ಗೈಡ್ ಹುಡುಕುವ ಅಪ್ಪಂದಿರೂ ಫೋನ್ ಮಾಡುತ್ತಾರೆ. "ಅವರ ಎಚ್-ಇಂಡೆಕ್ಸ್ 12, ಇವರದ್ದು 19. ಯಾರು ಒಳ್ಳೆಯವರು ಸರ್?" ಬೈಕಿನ ಮೈಲೇಜ್ ವಿಚಾರಿಸಿದ ಹಾಗೆ.

ಸೈಟೇಷನ್ ಅಂದರೆ ಇನ್ನೊಬ್ಬರು ನಿಮ್ಮ ಪೇಪರಿನ ಹೆಸರು ಹೇಳಿದ್ದಾರೆ, ಅಷ್ಟೇ. ಹೊಗಳಿರಬಹುದು. ತಪ್ಪು ಹಿಡಿದಿರಬಹುದು. ಓದದೆಯೇ ಬೇರೆಯವರ ಪಟ್ಟಿಯಿಂದ ಎತ್ತಿ ಸುಮ್ನೆ ಸೇರಿಸಿಕೊಂಡಿರಬಹುದು. ಇದೇನೂ ಅಪರೂಪ ಅಲ್ಲ. ಎಣಿಸುವ ಕಂಪ್ಯೂಟರಿಗೆ ಮೂರೂ ಒಂದೇ.

ತರಗತಿಯಲ್ಲಿ ನಾನು ಪ್ರತಿ ವರ್ಷ ಹೇಳುವ ಕಥೆ ಇದು. 1980ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪತ್ರ ಬಂತು. ಬರೆದವರು ಬಾಸ್ಟನ್‌ನ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್. ಇಡೀ ಪತ್ರ ಐದು ವಾಕ್ಯ. ಆಸ್ಪತ್ರೆಯಲ್ಲಿ ಮಾರ್ಫಿನ್ ಜಾತಿಯ ಔಷಧ ಪಡೆದ 11,882 ರೋಗಿಗಳಲ್ಲಿ, ಹೊಸದಾಗಿ ಚಟ ಹತ್ತಿದ್ದಕ್ಕೆ ದಾಖಲೆ ಸಿಕ್ಕಿದ್ದು ನಾಲ್ವರದ್ದು ಮಾತ್ರ ಎಂಬುದು ಸಾರ. ಆಸ್ಪತ್ರೆಯಲ್ಲಿ ಅಂದೆ, ಗಮನಿಸಿ. ನರ್ಸ್ ಕಣ್ಣೆದುರು ಕೊಟ್ಟ ಔಷಧ ಅದು. ಚೀಟಿ ಬರೆಸಿಕೊಂಡು ಮನೆಗೆ ಹೋಗಿ ತಿಂಗಳುಗಟ್ಟಲೆ ನುಂಗಿದರೆ ಏನಾಗುತ್ತದೆ ಅಂತ ಆ ಪತ್ರ ಹೇಳಲೇ ಇಲ್ಲ. ಹಾಗಾಗಿ ಬರೆದವರ ತಪ್ಪು ಅನ್ನಲಾರೆ.

2017ರಲ್ಲಿ ಕೆನಡಾದ ತಂಡವೊಂದು ಕೂತು, ಆ ಪತ್ರವನ್ನು ಯಾರ್ಯಾರು ಯಾಕೆ ಹೆಸರಿಸಿದ್ದಾರೆ ಅಂತ ಒಂದೊಂದಾಗಿ ನೋಡಿತು. ಒಟ್ಟು 608 ಸೈಟೇಷನ್. ಅದರಲ್ಲಿ ಶೇ. 72ರಷ್ಟು, ಚಟ ಹತ್ತುವುದು ಅಪರೂಪ ಎನ್ನುವುದಕ್ಕೆ ಇದನ್ನೇ ಪುರಾವೆ ಮಾಡಿಕೊಂಡಿದ್ದವು. ಶೇ. 80ಕ್ಕೂ ಜಾಸ್ತಿ ಕಡೆ, ಅವರೆಲ್ಲ ಆಸ್ಪತ್ರೆಯಲ್ಲಿದ್ದ ರೋಗಿಗಳು ಎಂಬ ಮಾತೇ ಇರಲಿಲ್ಲ. ಅಮೆರಿಕದಲ್ಲಿ ಇಂಥ ನೋವಿನ ಔಷಧಗಳ ಚಟಕ್ಕೆ ಸಿಕ್ಕಿ ಅಪಾರ ಜನ ಸತ್ತ ಒಪಿಯಾಯ್ಡ್ ದುರಂತಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕಂಪನಿಗಳ ಮಾರಾಟದ ಭರಾಟೆ ಇತ್ತು, ಚೀಟಿ ಬರೆದ ಕೈಗಳೂ ಇದ್ದವು. ಆದರೆ ಐದು ವಾಕ್ಯಕ್ಕೆ 608! ಅಂಕಿ ಮಾತ್ರ ಮುಂದಿಟ್ಟರೆ ನಮ್ಮ ಯಾವ ಆಯ್ಕೆ ಸಮಿತಿ ಬೇಡ ಅಂದೀತು?

ಇನ್ನೊಂದು ತುದಿಯಲ್ಲಿ ಆಲಿವರ್ ಲೌರಿ ಇದ್ದಾರೆ. ನಮ್ಮ ಫಾರ್ಮಕಾಲಜಿಯವರೇ, ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫಾರ್ಮಕಾಲಜಿ ಮುಖ್ಯಸ್ಥರಾಗಿದ್ದವರು. ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಅವರ ತಂಡ 1951ರಲ್ಲಿ ಬರೆದ ಪೇಪರಿಗೆ 3 ಲಕ್ಷಕ್ಕೂ ಜಾಸ್ತಿ ಸೈಟೇಷನ್. ಅದೇನು ಮಹಾ ಪೇಪರ್ ಅಲ್ಲ ಅಂತ ಅವರೇ ಹೇಳಿಕೊಂಡಿದ್ದರು. ಲ್ಯಾಬಿನಲ್ಲಿ ಎಲ್ಲರಿಗೂ ಬೇಕಾದ ಅಳತೆಗೋಲು, ಹಾಗಾಗಿ ಎಲ್ಲರೂ ಹೆಸರಿಸಿದರು. ಜೀವನದಲ್ಲಿ ಅದೊಂದೇ ಬರೆದಿದ್ದರೆ ಅವರ ಎಚ್-ಇಂಡೆಕ್ಸ್ ಎಷ್ಟಿರುತ್ತಿತ್ತು ಗೊತ್ತಾ? 1. ಭೌತವಿಜ್ಞಾನಿ ಹಾರ್ಹೆ ಹರ್ಷ್ 2005ರಲ್ಲಿ ಹೇಳಿಕೊಟ್ಟ ಲೆಕ್ಕವೇ ಹಾಗಿದೆ. ತಲಾ 10 ಸೈಟೇಷನ್‌ಗೆ ಕಡಿಮೆ ಇಲ್ಲದ 10 ಪೇಪರ್ ಇದ್ದರೆ 10. ಪೇಪರ್ ಒಂದೇ ಆದರೆ ಲಕ್ಷ ಬಂದರೂ ಒಂದೇ.

ಅಂಕಿಯೇ ಬೇಡ ಅನ್ನುವವನಲ್ಲ ನಾನು. 200 ಅರ್ಜಿ ಬಂದಾಗ ನಾನೂ ಅದನ್ನೇ ಮೊದಲು ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ಆ ಹುಡುಗನಿಗೆ ಕೆಲಸ ಕೊಟ್ಟೆವು. ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದ. 140ರಲ್ಲಿ ಕೈಗೆ ಸಿಕ್ಕ 60 ಚಿಲ್ಲರೆ ಪೇಪರ್ ಓದಿದ್ದನಂತೆ. ಅವನು ಕಷ್ಟಪಟ್ಟು ಮಾಡಿದ ಪ್ರಯೋಗದ ಮಾತು ಎತ್ತಿದವರು ನಾಲ್ಕೈದು ಜನ. ಉಳಿದವರೆಲ್ಲ ಅವನ ಪೀಠಿಕೆಯ ಮೊದಲ ಸಾಲಿಗಾಗಿ ಅವನ ಪೇಪರನ್ನು ಹೆಸರಿಸಿದ್ದರು. ಭಾರತದಲ್ಲಿ ಸಕ್ಕರೆ ಕಾಯಿಲೆ ಹೆಚ್ಚುತ್ತಿದೆ ಎಂಬ ಸಾಲು.

"ಅದು ನನ್ನದೂ ಅಲ್ಲ ಸರ್," ಎಂದ. "ನಾನೂ ಬೇರೆ ಪೇಪರಿಂದ ಎತ್ತಿದ್ದೆ."